ನೀರಿನ ಟೆಸ್ಟ್ ಆಟೋಮ್ಯಾಟಿಕ್ ಆಯ್ತು, ಬಾಟ್ಲಿ ಇನ್ನೂ ಬಸ್ಸಲ್ಲೇ ಬರ್ತಿದೆ

ಕುಡಿಯೋ ನೀರಿನ ಲ್ಯಾಬ್‌ಗಳ ಬಗ್ಗೆ ಈಗ ಎಲ್ಲಿ ಮಾತು ಬಂದ್ರೂ ಆಟೋಮೇಷನ್ ವಿಷಯ ಬಂದೇ ಬರುತ್ತೆ. ರೋಬೋಟ್ ಕೈ ಸ್ಯಾಂಪಲ್ ಎತ್ಕೊಳ್ಳುತ್ತೆ, ಮಷಿನ್ ಅಳೆಯುತ್ತೆ, ಕಂಪ್ಯೂಟರ್ ರಿಪೋರ್ಟ್ ಪ್ರಿಂಟ್ ಮಾಡುತ್ತೆ, ಮನುಷ್ಯರ ಕೈ ತಾಗೋದೇ ಇಲ್ಲ, ಹಾಗಾಗಿ ತಪ್ಪೂ ಆಗಲ್ಲ, ಅಡ್ಜಸ್ಟ್‌ಮೆಂಟಿಗೂ ಜಾಗ ಇರಲ್ಲ ಅಂತ ಒಂದು ನಂಬಿಕೆ. ಅರ್ಧ ನಿಜ. ಇನ್ನರ್ಧ ಅರ್ಥ ಆಗ್ಬೇಕಂದ್ರೆ ಟೆಸ್ಟ್ ಅನ್ನೋದನ್ನ ಮೂರು ತುಂಡು ಮಾಡಿ ನೋಡ್ಬೇಕು. ನಲ್ಲಿಯಿಂದ ಲ್ಯಾಬ್ ಬಾಗಿಲವರೆಗೆ ಬಾಟ್ಲಿ ಬರೋದು ಒಂದು, ಲ್ಯಾಬ್ ಒಳಗೆ ಅಳೆಯೋದು ಎರಡನೇದು, ಅಲ್ಲಿಂದ ಫಲಿತಾಂಶ ಊರಲ್ಲಿ ವಾಲ್ವ್ ತಿರುಗಿಸೋ ವಾಟರ್‌ಮ್ಯಾನ್‌ಗೆ ತಲುಪೋದು ಮೂರನೇದು. ಆಟೋಮೇಷನ್ ಹೆಸರಲ್ಲಿ ದುಡ್ಡು ಹೋಗೋದು ಹೆಚ್ಚುಕಮ್ಮಿ ಎಲ್ಲ ಆ ನಡುವಿನ ತುಂಡಿಗೆ, ಜನ ಆಸ್ಪತ್ರೆ ಸೇರೋದು ಮಾತ್ರ ಆಚೀಚೆ ಇರೋ ಎರಡು ತುಂಡು ಕೈಕೊಟ್ಟಾಗ. ಮೊದಲು ಆಟೋಮೇಷನ್ ಬೇಕಾಗಿರೋದು ಅಲ್ಲಿ ಅನ್ನೋದು ನನ್ನ ವಾದ.

ಮೊದಲು ನಡುವಿನ ತುಂಡಿನ ಬಗ್ಗೆನೇ ಹೇಳ್ತೀನಿ, ಯಾಕಂದ್ರೆ ಅದರಲ್ಲಿ ನಿಜವಾಗ್ಲೂ ಒಳ್ಳೇ ಕೆಲಸ ಆಗಿದೆ.

ಇದು ಹೊಸ ವಿಷಯ ಅಂದ್ಕೋಬೇಡಿ. 1951ರ ಸುಮಾರಿಗೆ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಆಸ್ಪತ್ರೆಯಲ್ಲಿದ್ದ ಲಿಯೊನಾರ್ಡ್ ಸ್ಕೆಗ್ಸ್ ಅನ್ನೋರು ರಕ್ತ ಪರೀಕ್ಷೆಗೆ ಅಂತ ಒಂದು ಮಷಿನ್ ಕಟ್ಟಿದ್ರು, 1957ರಲ್ಲಿ ಟೆಕ್ನಿಕಾನ್ ಕಂಪನಿ ಅದನ್ನ ಆಟೋಅನಲೈಸರ್ ಅಂತ ಮಾರ್ಕೆಟ್‌ಗೆ ಬಿಡ್ತು. ಸಣ್ಣ ಟ್ಯೂಬ್ ಒಳಗೆ ಸ್ಯಾಂಪಲ್‌ಗಳು ಒಂದರ ಹಿಂದೊಂದು ಹರೀತಾ ಹೋಗ್ತಾವೆ, ನಡುನಡುವೆ ಗಾಳಿಗುಳ್ಳೆ ಬಿಟ್ಟು ಒಂದಕ್ಕೊಂದು ಬೆರೆಯದ ಹಾಗೆ ತಡೀತಾರೆ, ದಾರೀಲಿ ಕೆಮಿಕಲ್ ಸೇರುತ್ತೆ, ಬಣ್ಣ ಬರುತ್ತೆ, ಕೊನೇಲಿ ಬೆಳಕು ಹಾಯಿಸಿ ಆ ಬಣ್ಣ ಎಷ್ಟು ಗಾಢ ಅಂತ ಅಳೀತಾರೆ. ಗಾಳಿಗುಳ್ಳೆಯಿಂದ ಇಷ್ಟು ದೊಡ್ಡ ಸಮಸ್ಯೆ ಬಗೆಹರಿಸಿದ್ದು ನನಗಂತೂ ಇವತ್ತಿಗೂ ಖುಷಿ ಕೊಡೋ ವಿಚಾರ. ಆಮೇಲೆ ನೀರಿನ ಲ್ಯಾಬ್‌ನೋರು ಅದನ್ನೇ ನೈಟ್ರೇಟ್, ಅಮೋನಿಯಾ, ಫಾಸ್ಫೇಟ್ ಅಳೆಯೋಕೆ ತಗೊಂಡ್ರು.

ಈಗ ದೊಡ್ಡ ಲ್ಯಾಬ್‌ಗಳಲ್ಲಿ ಇರೋದು ಡಿಸ್ಕ್ರೀಟ್ ಅನಲೈಸರ್ ಅನ್ನೋ ಮಷಿನ್. ಒಂದು ಚಕ್ರದ ಸುತ್ತ ಚಿಕ್ಕ ಚಿಕ್ಕ ಕಪ್ ಇರ್ತಾವೆ, ಮದುವೆ ಊಟದ ಪಂಕ್ತಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದು ಉಪ್ಪು, ಪಲ್ಯ, ಕೋಸಂಬರಿ ಬಡಿಸ್ಕೊಂಡು ಹೋಗ್ತಾರಲ್ಲ, ಹಾಗೆ ಸೂಜಿಯಂಥ ಕೈ ಬಂದು ಪ್ರತಿ ಕಪ್ಪಿಗೂ ಸ್ಯಾಂಪಲ್ ಹಾಕಿ, ತೊಳ್ಕೊಂಡು, ಕೆಮಿಕಲ್ ಹಾಕಿ, ಮತ್ತೆ ತೊಳ್ಕೊಂಡು ಮುಂದಕ್ಕೆ ಹೋಗುತ್ತೆ. ಒಂದು ಟೆಸ್ಟಿಗೆ ಬೇಕಾಗೋದು ಕೆಲವು ಹನಿಯಷ್ಟು ನೀರು. ಗಂಟೆಗೆ ನೂರಾರು ಟೆಸ್ಟ್ ಆಗುತ್ತೆ. ಗಡಸುತನಕ್ಕೆ ಕೈಯಲ್ಲಿ ಟೈಟ್ರೇಷನ್, ಅಂದ್ರೆ ಬಣ್ಣ ತಿರುಗೋವರೆಗೆ ಹನಿಹನಿಯಾಗಿ ಕೆಮಿಕಲ್ ಬಿಟ್ಟು ಅಳೆಯೋದು, ಮಾಡೋರು ವೈನ್ ಕೆಂಪಿನಿಂದ ನೀಲಿಗೆ ತಿರುಗೋ ಕ್ಷಣ ಹಿಡೀಬೇಕು, ಬೆಳಗ್ಗೆ ಹತ್ತಕ್ಕೆ ಹಿಡಿಯೋ ಕಣ್ಣಿಗೂ ಸಂಜೆ ಐದಕ್ಕೆ ನಲವತ್ತು ಸ್ಯಾಂಪಲ್ ನೋಡಿ ಸುಸ್ತಾದ ಕಣ್ಣಿಗೂ ವ್ಯತ್ಯಾಸ ಇದ್ದೇ ಇರುತ್ತೆ, ಮಷಿನ್‌ಗೆ ಆ ಸುಸ್ತಿಲ್ಲ.

ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ, ಅದು ಲೆಕ್ಕ ಬರೆಯೋದರಲ್ಲಿ. ಬಾಟ್ಲಿಗೆ ಬಾರ್‌ಕೋಡ್ ಅಂಟಿಸ್ತಾರೆ, ಮಷಿನ್ ಅಳೆದ ಸಂಖ್ಯೆ ಯಾರೂ ಟೈಪ್ ಮಾಡದೆ ನೇರ ಲ್ಯಾಬ್ ಸಾಫ್ಟ್‌ವೇರ್‌ಗೆ ಹೋಗುತ್ತೆ, ಆಮೇಲೆ ಯಾರಾದ್ರೂ ಬದಲಾಯಿಸಿದ್ರೆ ಯಾರು, ಯಾವಾಗ, ಏನನ್ನ ಏನು ಮಾಡಿದ್ರು ಅಂತ ಗುರುತು ಉಳಿಯುತ್ತೆ. ಪ್ರತಿ ಹತ್ತೋ ಇಪ್ಪತ್ತೋ ಸ್ಯಾಂಪಲ್‌ಗೆ ಒಂದ್ಸಲ ಅಳತೆ ಮೊದಲೇ ಗೊತ್ತಿರೋ ದ್ರಾವಣ ಇಟ್ಟು ಮಷಿನ್ ಸರಿಯಾಗಿ ಹೇಳ್ತಿದ್ಯಾ ಅಂತ ಪರೀಕ್ಷೆ ಮಾಡ್ತಾರೆ, ತಪ್ಪಿದ್ರೆ ಹಿಂದಿನ ಅಷ್ಟೂ ಸ್ಯಾಂಪಲ್ ಮತ್ತೆ ಓಡಿಸ್ಬೇಕು. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಅಂತ ಬೋರ್ಡ್ ಹಾಕ್ಕೊಂಡಿರೋ ಲ್ಯಾಬ್ ಇದನ್ನೆಲ್ಲ ದಾಖಲೆಯಲ್ಲಿ ತೋರಿಸ್ಬೇಕು. ರಿಜಿಸ್ಟರ್ ಪುಸ್ತಕದಲ್ಲಿ 1.6 ಅನ್ನೋದು 1.5 ಆಗೋಕೆ ಒಂದು ಪೆನ್ ಸಾಕು, ಇಲ್ಲಿ ಅಷ್ಟು ಸುಲಭ ಇಲ್ಲ. ಫ್ಲೋರೈಡ್‌ಗೆ ಆ 1.6 ಮತ್ತು 1.5ರ ನಡುವಿನ ಗೆರೆನೇ ಮುಖ್ಯ, ಯಾಕಂದ್ರೆ ಭಾರತದ ಐಎಸ್ 10500 ಮಾನದಂಡದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಇದ್ರೆ ಒಳ್ಳೇದು, ಬೇರೆ ನೀರಿನ ಮೂಲವೇ ಇಲ್ಲ ಅನ್ನೋ ಕಡೆ 1.5ರವರೆಗೆ ನಡೆಯುತ್ತೆ, ದಾಟಿದ್ರೆ ಆ ಬೋರ್‌ವೆಲ್ ಕುಡಿಯೋಕೆ ಲಾಯಕ್ಕಿಲ್ಲ ಅಂತ ಪಂಚಾಯ್ತಿ ಬೇರೆ ದಾರಿ ನೋಡ್ಬೇಕಾಗುತ್ತೆ.

ಫ್ಲೋರೈಡ್ ಅಂದ ತಕ್ಷಣ ಒಂದು ತಮಾಷೆ ಹೇಳ್ಬೇಕು. ಲ್ಯಾಬ್‌ನಲ್ಲಿ ಅತಿ ದುಬಾರಿ, ಉದ್ಘಾಟನೆ ಫೋಟೋದಲ್ಲಿ ಮಧ್ಯದಲ್ಲಿ ನಿಲ್ಲೋ ಮಷಿನ್ ಯಾವುದು ಅಂದ್ರೆ ಐಸಿಪಿ-ಎಂಎಸ್. ಆರ್ಗಾನ್ ಅನಿಲವನ್ನ ಸಾವಿರಾರು ಡಿಗ್ರಿ ಕಾಯಿಸಿ ಪ್ಲಾಸ್ಮಾ ಮಾಡಿ, ಅದರೊಳಗೆ ನೀರಿನ ಮಂಜು ಬಿಟ್ಟು, ಅದರಲ್ಲಿರೋ ಪರಮಾಣುಗಳಿಗೆ ಚಾರ್ಜ್ ಕೊಟ್ಟು ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತೆ. ಸೀಸ, ಆರ್ಸೆನಿಕ್, ಯುರೇನಿಯಂ, ಕ್ಯಾಡ್ಮಿಯಂ, ಕ್ರೋಮಿಯಂ ಎಲ್ಲವೂ ಒಂದೇ ಸಲಕ್ಕೆ, ಕೆಲವೇ ನಿಮಿಷದಲ್ಲಿ, ಮೈಕ್ರೋಗ್ರಾಂಗಿಂತ ಕೆಳಗಿನ ಮಟ್ಟದವರೆಗೆ. ಕೋಟಿ ರೂಪಾಯಿ ಹತ್ತಿರದ ಈ ಮಷಿನ್ ಮಾಮೂಲಿ ಬಳಕೆಯಲ್ಲಿ ಫ್ಲೋರೈಡ್ ಅಳೆಯಲ್ಲ! ಫ್ಲೋರಿನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ಕೊಳ್ಳೋಕೆ ಬೇಕಾದಷ್ಟು ಶಕ್ತಿ ಆರ್ಗಾನ್ ಪ್ಲಾಸ್ಮಾಕ್ಕೆ ಇಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಹಲ್ಲು ಹಳದಿಯಾಗಿ ಮೂಳೆ ಸೊಟ್ಟಗಾದ ಜನರನ್ನ ನೋಡಿದೋರಿಗೆ ಗೊತ್ತು ನಮ್ಮ ಬಯಲುಸೀಮೆಯ ಮೊದಲ ಪ್ರಶ್ನೆ ಫ್ಲೋರೈಡ್ ಅಂತ, ಆ ಪ್ರಶ್ನೆಗೆ ಉತ್ತರ ಕೊಡೋದು ಮೇಜಿನ ಮೂಲೆಯಲ್ಲಿರೋ, ಇದರ ಬೆಲೆಯ ಮುಂದೆ ಏನೇನೂ ಅಲ್ಲದ ಒಂದು ಎಲೆಕ್ಟ್ರೋಡ್. ಅದಕ್ಕೂ ಒಂದು ಬಫರ್ ದ್ರಾವಣ ಹಾಕ್ಲೇಬೇಕು, ಇಲ್ಲಾಂದ್ರೆ ನೀರಲ್ಲಿರೋ ಅಲ್ಯೂಮಿನಿಯಂ, ಕಬ್ಬಿಣ ಫ್ಲೋರೈಡನ್ನ ಹಿಡಿದಿಟ್ಕೊಂಡು ಲೆಕ್ಕ ಕಮ್ಮಿ ತೋರಿಸುತ್ತೆ. ಅಯಾನ್ ಕ್ರೋಮ್ಯಾಟೋಗ್ರಫಿ ಮಷಿನ್ ಇದ್ರೆ ಫ್ಲೋರೈಡ್, ಕ್ಲೋರೈಡ್, ನೈಟ್ರೇಟ್, ಸಲ್ಫೇಟ್ ನಾಲ್ಕೂ ಒಟ್ಟಿಗೆ ಕಾಲು ಗಂಟೇಲಿ ಸಿಗುತ್ತೆ, ನಮ್ಮ ಜಿಲ್ಲೆಗಳಿಗೆ ಯಾವುದಾದ್ರೂ ಒಂದೇ ದೊಡ್ಡ ಮಷಿನ್ ಕೊಡಿಸ್ತೀವಿ ಅಂದ್ರೆ ನಾನು ಕಣ್ಮುಚ್ಚಿ ಇದನ್ನೇ ಕೇಳ್ತಿದ್ದೆ.

ಹಾಗಂತ ಐಸಿಪಿ-ಎಂಎಸ್ ದಂಡ ಅಂತ ಅಲ್ಲ. ರಾಯಚೂರು, ಯಾದಗಿರಿ ಕಡೆ ಹಟ್ಟಿ ಚಿನ್ನದ ಗಣಿ ಪಟ್ಟಿಯ ಅಕ್ಕಪಕ್ಕ ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್ ಇದೆ. ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ. ಫೀಲ್ಡ್ ಕಿಟ್‌ನಲ್ಲಿ ಒಂದು ಕಾಗದದ ಚೂರು ಹಳದಿಗೆ ತಿರುಗ್ತಾ ಇದ್ಯಾ ಇಲ್ವಾ ಅಂತ ಕಣ್ಣಲ್ಲಿ ನೋಡಿ 8 ಯಾವುದು 12 ಯಾವುದು ಅಂತ ಹೇಳೋಕಾಗಲ್ಲ, ಅದಕ್ಕೆ ಈ ಮಷಿನ್ ಬೇಕೇ ಬೇಕು. ಆದ್ರೆ ಅಲ್ಲೂ ಒಂದು ಕೊಕ್ಕೆ: ಆರ್ಸೆನಿಕ್ ತೂಕ 75, ಪ್ಲಾಸ್ಮಾದ ಆರ್ಗಾನ್ 40, ನೀರಲ್ಲಿರೋ ಕ್ಲೋರೈಡಿನ ಕ್ಲೋರಿನ್ 35, ಇವೆರಡೂ ಅಂಟಿಕೊಂಡ್ರೆ ಅದೂ 75. ಬಯಲುಸೀಮೆಯ ಉಪ್ಪು ಉಪ್ಪು ಬೋರ್‌ವೆಲ್ ನೀರನ್ನ ಹಾಗೇ ಓಡಿಸಿದ್ರೆ ಇಲ್ಲದ ಆರ್ಸೆನಿಕ್ ಇದೆ ಅಂತ ಬರಬಹುದು. ಹೀಲಿಯಂ ಬಿಟ್ಟು ಆ ಜೋಡಿಗಳನ್ನ ತಡೆಯೋ ವ್ಯವಸ್ಥೆ ಈಗಿನ ಮಷಿನ್‌ಗಳಲ್ಲಿ ಇದೆ, ಅದನ್ನ ಆನ್ ಮಾಡ್ಬೇಕು ಅಂತ ಗೊತ್ತಿರೋ ಕೆಮಿಸ್ಟ್ ಲ್ಯಾಬ್‌ನಲ್ಲಿ ಇರ್ಬೇಕು ಅಷ್ಟೇ. ಹೊರಗುತ್ತಿಗೆ ಮೇಲೆ ಬಂದು ಆರೇಳು ತಿಂಗಳಿಗೆ ಬೇರೆ ಕೆಲಸ ಹುಡ್ಕೊಂಡು ಹೋಗೋ ಹುಡುಗನಿಗೆ ಇದನ್ನ ಯಾರು ಕಲಿಸ್ತಾರೆ, ಯಾವಾಗ ಕಲಿಸ್ತಾರೆ ಅನ್ನೋದು ಟೆಂಡರ್ ಕಾಗದದಲ್ಲಿ ಬರೆಯೋ ವಿಷಯ ಅಲ್ಲ. ಇನ್ನು ಖರ್ಚು, ಪ್ಲಾಸ್ಮಾ ಉರಿಯುವಾಗ ನಿಮಿಷಕ್ಕೆ ಸುಮಾರು 15 ಲೀಟರ್ ಆರ್ಗಾನ್ ಹೋಗುತ್ತೆ, ಅಂದ್ರೆ 7 ಘನ ಮೀಟರ್‌ನ ಒಂದು ಸಿಲಿಂಡರ್ ಒಂದು ದಿನದ ಕೆಲಸಕ್ಕೆ ಖಾಲಿ. ಮಷಿನ್ ಕೊಳ್ಳೋ ದುಡ್ಡು ಒಂದ್ಸಲ ಬಂದುಬಿಡುತ್ತೆ, ಸಿಲಿಂಡರ್ ದುಡ್ಡು ಮತ್ತು ಸರ್ವಿಸ್ ಕಾಂಟ್ರ್ಯಾಕ್ಟ್ ದುಡ್ಡು ಪ್ರತಿ ವರ್ಷ ಬೇಡ್ಬೇಕು, ಬಟ್ಟೆ ಹೊದ್ದುಕೊಂಡು ಕೂತಿರೋ ಮಷಿನ್‌ಗಳ ಕಥೆ ಶುರುವಾಗೋದೇ ಇಲ್ಲಿಂದ.

ಈಗ ಅಸಲಿ ವಿಷಯಕ್ಕೆ ಬರೋಣ. ನೀರು ಕುಡಿದು ಜನ ಒಂದೇ ವಾರದಲ್ಲಿ ಸಾಯೋದು ಫ್ಲೋರೈಡ್‌ನಿಂದಲೋ ಆರ್ಸೆನಿಕ್‌ನಿಂದಲೋ ಅಲ್ಲ, ಅವೆಲ್ಲ ವರ್ಷಗಟ್ಟಲೆ ತಗೊಳ್ಳುತ್ತೆ. ವಾರದಲ್ಲಿ ಸಾಯಿಸೋದು ಚರಂಡಿ ನೀರು ಬೆರೆತಾಗ ಬರೋ ಬ್ಯಾಕ್ಟೀರಿಯಾ. ಇದರ ಟೆಸ್ಟ್ ಎಷ್ಟು ಆಟೋಮ್ಯಾಟಿಕ್ ಮಾಡಿದ್ರೂ ಬ್ಯಾಕ್ಟೀರಿಯಾ ಬೆಳೆಯೋವರೆಗೆ ಕಾಯ್ಲೇಬೇಕು. ಹಳೇ ಪದ್ಧತಿಯಲ್ಲಿ ಎರಡು ಮೂರು ದಿನ. ಎಂಜೈಮ್ ಪದ್ಧತಿಯಲ್ಲಿ ಸುಮಾರು 18ರಿಂದ 24 ಗಂಟೆ, ಕೋಲಿಫಾರ್ಮ್ ಅನ್ನೋ ಬ್ಯಾಕ್ಟೀರಿಯಾ ಗುಂಪು ಇದ್ರೆ ನೀರು ಹಳದಿ ಆಗುತ್ತೆ, ಅದರಲ್ಲೇ ಮಲದಿಂದ ಬರೋ ಇ-ಕೋಲೈ ಇದ್ರೆ ಯುವಿ ಬೆಳಕಲ್ಲಿ ನೀಲಿಯಾಗಿ ಹೊಳೆಯುತ್ತೆ, ಕ್ಯಾಮೆರಾ ಇಟ್ಟು ಅದನ್ನ ಮಷಿನ್ ಕೈಲೇ ಓದಿಸ್ಬಹುದು. ಫ್ಲೋ ಸೈಟೋಮೀಟರ್ ಅನ್ನೋದು ಅರ್ಧ ಗಂಟೆಯೊಳಗೆ ನೀರಲ್ಲಿರೋ ಜೀವಕೋಶ ಎಷ್ಟು ಅಂತ ಎಣಿಸುತ್ತೆ, ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಬಳಸ್ತಾರೆ, ಆದ್ರೆ ಅದರಲ್ಲಿ ರೋಗದ್ದು ಯಾವುದು, ಪಾಪದ್ದು ಯಾವುದು ಅಂತ ಆ ಎಣಿಕೆ ಹೇಳಲ್ಲ. ನಮ್ಮ ಹಳ್ಳಿಗಳಲ್ಲಿ ಬಳಸೋ ಕಪ್ಪಾಗೋ ಬಾಟ್ಲಿ, ಎಚ್2ಎಸ್ ವಯಲ್, ಅದನ್ನ 1982ರಲ್ಲಿ ಜಗತ್ತಿಗೆ ತೋರಿಸಿದ್ದು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜ, ಮೌರ್ಯ, ರಾವ್ ಅನ್ನೋ ಮೂವರು. ಕರೆಂಟ್ ಬೇಡ, ಇನ್‌ಕ್ಯುಬೇಟರ್ ಬೇಡ, ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ರೆ ಕೊಳಕು ಇದ್ರೆ ಕಪ್ಪಾಗುತ್ತೆ. ಸಾದಾ ವಸ್ತು, ಒಳ್ಳೇ ವಸ್ತು, ಅದಕ್ಕೂ ಒಂದೆರಡು ದಿನ ಬೇಕು ಅನ್ನೋದೇ ಕೊರತೆ.

ಹಳ್ಳಿಯ ಓವರ್‌ಹೆಡ್ ಟ್ಯಾಂಕ್ ಬೆಳಗ್ಗೆ ತುಂಬಿದ್ರೆ ಸಂಜೆಗೆ ಖಾಲಿ. ಅಂದ್ರೆ ಜಗತ್ತಿನ ಯಾವ ಮಷಿನ್‌ನಿಂದ ಬಂದ ಬ್ಯಾಕ್ಟೀರಿಯಾ ರಿಪೋರ್ಟ್ ಆದ್ರೂ ಅದು ಜನ ಆಗಲೇ ಕುಡಿದಾದ ನೀರಿನ ರಿಪೋರ್ಟ್. ರಾಯಚೂರು ನಗರದಲ್ಲಿ 2022ರ ಮೇ-ಜೂನ್‌ನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಆದಾಗ, ಮೊದಲು ಸುದ್ದಿ ಬಂದಿದ್ದು ಲ್ಯಾಬಿಂದ ಅಲ್ಲ, ವಾಂತಿ ಭೇದಿ ಅಂತ ತುಂಬಿದ ಆಸ್ಪತ್ರೆ ವಾರ್ಡಿಂದ. ಸ್ಯಾಂಪಲ್ ತಗೊಂಡು ಲ್ಯಾಬ್‌ಗೆ ಓಡಿದ್ದು ಅದಾದ ಮೇಲೆ.

ಇದೇ ವಿಷಯ ದಾಖಲೆ ಸಮೇತ, ದಿನದ ಲೆಕ್ಕದ ಸಮೇತ ಬಯಲಾಗಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಕರ್ಟನ್ ಅನ್ನೋ ಚಿಕ್ಕ ಊರಲ್ಲಿ. ಲ್ಯಾಬ್ ಟೆಸ್ಟಿಂಗ್ ಬಗ್ಗೆ ಮಾತಾಡೋರೆಲ್ಲ ಓದಬೇಕಾದ ಕಥೆ ಇದು, ಸ್ವಲ್ಪ ಉದ್ದ ಹೇಳ್ತೀನಿ. 2000ನೇ ಇಸವಿ ಮೇ ತಿಂಗಳಲ್ಲಿ ಜೋರು ಮಳೆ ಬಂತು. ಊರಿನ 5ನೇ ನಂಬರ್ ಬಾವಿ ಹೆಚ್ಚು ಆಳ ಇರಲಿಲ್ಲ, ಪಕ್ಕದ ಹೊಲಕ್ಕೆ ಹಾಕಿದ್ದ ಸಗಣಿ ಗೊಬ್ಬರದಿಂದ ಇ-ಕೋಲೈ ಓ157 ಅನ್ನೋ ಅಪಾಯಕಾರಿ ತಳಿ ಬಾವಿಗೆ ಇಳೀತು. ನೀರು ಸರಬರಾಜು ನೋಡ್ಕೊಳ್ಳೋರು ಕ್ಲೋರಿನ್ ಎಷ್ಟಿದೆ ಅಂತ ದಿನಾ ಅಳೆದು ಬರೀಬೇಕಿತ್ತು, ಅವರು ಅಳೀದೇನೇ 0.5, 0.75 ಅಂತ ಬರ್ಕೊಂಡು ಹೋಗ್ತಿದ್ರು. ಮೇ 15ಕ್ಕೆ ಸ್ಯಾಂಪಲ್ ತಗೊಂಡ್ರು, ಖಾಸಗಿ ಲ್ಯಾಬ್ ಸರಿಯಾಗಿ ಟೆಸ್ಟ್ ಮಾಡ್ತು, ಮೇ 17ಕ್ಕೆ ನೀರು ಕೆಟ್ಟಿದೆ ಅಂತ ಫ್ಯಾಕ್ಸ್ ಕಳಿಸ್ತು. ಯಾರಿಗೆ? ಸ್ಯಾಂಪಲ್ ಕೊಟ್ಟಿದ್ದ ಅದೇ ನೀರು ಸರಬರಾಜು ಕಚೇರಿಗೆ ಮಾತ್ರ. ಆರೋಗ್ಯ ಇಲಾಖೆಗೆ ಹೇಳ್ಬೇಕು ಅನ್ನೋ ಕಾನೂನು ಇರಲಿಲ್ಲ, ಗಿರಾಕಿ ರಿಪೋರ್ಟ್ ಗಿರಾಕಿಗಷ್ಟೇ ಅಂತ ಲ್ಯಾಬ್ ಸುಮ್ಮನಾಯ್ತು. ಆ ಫ್ಯಾಕ್ಸ್ ಕೈಯಲ್ಲಿ ಇಟ್ಕೊಂಡೇ ಮ್ಯಾನೇಜರ್ ಆರೋಗ್ಯಾಧಿಕಾರಿಗಳು ಫೋನ್ ಮಾಡಿ ಕೇಳಿದಾಗ ನೀರು ಸರಿ ಇದೆ ಅಂದ. ಮಕ್ಕಳಿಗೆ ರಕ್ತಭೇದಿ ಶುರುವಾಗಿದ್ದನ್ನ ನೋಡಿ ಆರೋಗ್ಯ ಇಲಾಖೆನೇ ಮೇ 21ಕ್ಕೆ ನೀರು ಕುದಿಸಿ ಕುಡಿರಿ ಅಂತ ಸಾರಿತು. ಅಷ್ಟೊತ್ತಿಗೆ ಆಗೋದೆಲ್ಲ ಆಗಿತ್ತು, ಐದು ಸಾವಿರದಷ್ಟು ಜನ ಇರೋ ಊರು, 2,300 ಮಂದಿಗೆ ಕಾಯಿಲೆ, 7 ಸಾವು.

ಇಲ್ಲಿ ಲ್ಯಾಬ್‌ನ ಮಷಿನ್ ಇನ್ನೂ ಹತ್ತು ಪಟ್ಟು ಚೆನ್ನಾಗಿದ್ದಿದ್ರೆ ಏನಾಗ್ತಿತ್ತು? ಏನೂ ಇಲ್ಲ. ನ್ಯಾಯಮೂರ್ತಿ ಡೆನಿಸ್ ಓಕಾನರ್ ನಡೆಸಿದ ವಿಚಾರಣೆ ಹೇಳಿದ್ದು ಏನಂದ್ರೆ, ಆ 5ನೇ ಬಾವಿಗೆ ಕ್ಲೋರಿನ್ ಮತ್ತು ನೀರಿನ ಕದಡುವಿಕೆ ಸತತವಾಗಿ ಅಳೆಯೋ ಮೀಟರ್ ಹಾಕಿದ್ದಿದ್ರೆ ಈ ದುರಂತ ತಪ್ತಿತ್ತು ಅಂತ. ಕ್ಲೋರಿನ್ ಕುಸಿದ ತಕ್ಷಣ ಅಲಾರಂ ಹೊಡೆದು ಪಂಪ್ ತಾನೇ ನಿಂತುಬಿಡ್ತಿತ್ತು, ಅಷ್ಟೇ ಬೇಕಾಗಿದ್ದು. ಯಾರ ಕಣ್ಣಿಗೂ ಬೀಳದ, ಉದ್ಘಾಟನೆಗೆ ಯಾರೂ ಬರದಂಥ ಒಂದು ಮೀಟರ್. ಆಮೇಲೆ ಒಂಟಾರಿಯೊ ಕಾನೂನು ಬದಲಾಯಿಸ್ತು, ಕೆಟ್ಟ ಫಲಿತಾಂಶ ಬಂದ್ರೆ ಲ್ಯಾಬ್ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸ್ಬೇಕು, ಅದೂ ಮೆಸೇಜ್ ಬಿಟ್ಟು ಸುಮ್ಮನಾಗೋ ಹಾಗಿಲ್ಲ, ಆ ಕಡೆ ಒಬ್ಬ ಮನುಷ್ಯ ಫೋನ್ ಎತ್ತಿ ಕೇಳಿಸ್ಕೊಂಡಿರ್ಬೇಕು, ಬರವಣಿಗೆಯಲ್ಲಿ ಕಳಿಸೋದು ಅದಾದ ಮೇಲೆ.

ನಮ್ಮಲ್ಲಿ ಇದರ ಲೆಕ್ಕ ಹೇಗಿದೆ ನೋಡೋಣ. 2019ರ ಆಗಸ್ಟ್ 15ಕ್ಕೆ ಶುರುವಾದ ಜಲ ಜೀವನ್ ಮಿಷನ್, ನಮ್ಮ ಕಡೆ ಮನೆ ಮನೆಗೆ ಗಂಗೆ, ಅದರಿಂದ ಲ್ಯಾಬ್‌ಗಳು ಹೆಚ್ಚಾದವು, ಸಾರ್ವಜನಿಕರೂ ಸ್ಯಾಂಪಲ್ ತಂದುಕೊಟ್ಟು ಕಮ್ಮಿ ದುಡ್ಡಲ್ಲಿ ಟೆಸ್ಟ್ ಮಾಡಿಸ್ಬಹುದು ಅಂತ ಆಯ್ತು, ಪ್ರತಿ ಹಳ್ಳೀಲಿ ಐದು ಜನ ಹೆಣ್ಣುಮಕ್ಕಳಿಗೆ ಫೀಲ್ಡ್ ಕಿಟ್ ಬಳಸೋದು ಕಲಿಸ್ಬೇಕು ಅಂತ ಆಯ್ತು, ಇದೆಲ್ಲ ಒಳ್ಳೇದೇ. ಆದ್ರೆ ಒಂದು ನೀರಿನ ಮೂಲಕ್ಕೆ ಲ್ಯಾಬ್ ಟೆಸ್ಟ್ ಕನಿಷ್ಠ ಎಷ್ಟು ಸಲ ಆಗ್ಬೇಕು ಅಂತ ನಿಯಮ ಇದೆ ಗೊತ್ತಾ, ಕೆಮಿಕಲ್ ಟೆಸ್ಟ್ ವರ್ಷಕ್ಕೆ ಒಂದ್ಸಲ, ಬ್ಯಾಕ್ಟೀರಿಯಾ ಟೆಸ್ಟ್ ಮಳೆಗಾಲಕ್ಕೆ ಮುಂಚೆ ಒಂದು, ಆಮೇಲೆ ಒಂದು, ಒಟ್ಟು ಎರಡು ಸಲ. ಗಂಟೆಗೆ ನೂರಾರು ಟೆಸ್ಟ್ ಮಾಡೋ ಮಷಿನ್‌ಗೆ ಒಂದು ಬೋರ್‌ವೆಲ್‌ನಿಂದ ವರ್ಷಕ್ಕೆ ಬರೋದು ಈ ಮೂರು ಬಾಟ್ಲಿ. ಕೆಮಿಕಲ್‌ಗೆ ಇದು ನಡೆಯುತ್ತೆ, ಫ್ಲೋರೈಡ್ ರಾತ್ರೋರಾತ್ರಿ ಬದಲಾಗಲ್ಲ. ಬ್ಯಾಕ್ಟೀರಿಯಾಕ್ಕೆ ವರ್ಷಕ್ಕೆ ಎರಡು ಸಲ ಅನ್ನೋದು ಲಾಟರಿ, ಪೈಪ್ ಒಡೆದು ಚರಂಡಿ ನುಗ್ಗೋದು ಯಾವ ದಿನ ಅಂತ ಯಾರಿಗೆ ಗೊತ್ತು.

ಆ ಮೂರು ಬಾಟ್ಲಿ ಹೇಗೆ ಬರ್ತಾವೆ ಅನ್ನೋದು ಇನ್ನೊಂದು ಕಥೆ. ಬ್ಯಾಕ್ಟೀರಿಯಾ ಟೆಸ್ಟಿಗೆ ಸ್ಟೆರೈಲ್ ಬಾಟ್ಲಿ ಬೇಕು, ಅದರಲ್ಲಿ ಮೊದಲೇ ಚೂರು ಸೋಡಿಯಂ ಥಯೋಸಲ್ಫೇಟ್ ಹಾಕಿರ್ಬೇಕು, ಐಸ್ ಬಾಕ್ಸಲ್ಲಿ ಇಟ್ಟು ಆದಷ್ಟು ಬೇಗ, ಏನೇ ಆದ್ರೂ 24 ಗಂಟೆಯೊಳಗೆ ಲ್ಯಾಬ್‌ನಲ್ಲಿ ಟೆಸ್ಟ್ ಶುರುವಾಗ್ಬೇಕು. ಥಯೋಸಲ್ಫೇಟ್ ಇಲ್ಲಾಂದ್ರೆ ನೀರಲ್ಲಿ ಉಳಿದಿದ್ದ ಕ್ಲೋರಿನ್ ದಾರಿಯುದ್ದಕ್ಕೂ ಬಾಟ್ಲಿಯೊಳಗೇ ಬ್ಯಾಕ್ಟೀರಿಯಾ ಕೊಲ್ತಾ ಬರುತ್ತೆ, ಲ್ಯಾಬ್‌ನಲ್ಲಿ ಪಾಸ್. ಐಸ್ ಇಲ್ಲದೆ ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಡ್ರೈವರ್ ಸೀಟ್ ಪಕ್ಕ ಕೂತು ಬಂದ್ರೆ ಒಂದಿದ್ದಿದ್ದು ನೂರಾಗುತ್ತೆ, ಲ್ಯಾಬ್‌ನಲ್ಲಿ ಫೇಲ್. ಎರಡೂ ಸಲ ಮಷಿನ್ ಹೇಳಿದ್ದು ಬಾಟ್ಲಿಯ ಮಟ್ಟಿಗೆ ನಿಜಾನೇ. ಲೋಹಗಳಿಗೆ ಬೇರೆ ಬಾಟ್ಲಿ ಬೇಕು, ಅದಕ್ಕೆ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಿಡ್ಬೇಕು. ಹಾಕದೆ ಇದ್ರೆ ಏನಾಗುತ್ತೆ ಅಂದ್ರೆ, ಕಬ್ಬಿಣ ಜಾಸ್ತಿ ಇರೋ ಬೋರ್‌ವೆಲ್ ನೀರು ಹೊರಗಿನ ಗಾಳಿ ತಾಗಿದ ಮೇಲೆ ತುಕ್ಕು ಕಟ್ಟಿ ತಳಕ್ಕೆ ಇಳಿಯುತ್ತೆ, ಇಳೀವಾಗ ಆರ್ಸೆನಿಕ್ಕನ್ನೂ ತನ್ನ ಜೊತೆ ಎಳ್ಕೊಂಡು ಹೋಗುತ್ತೆ, ಲ್ಯಾಬ್‌ನೋರು ಮೇಲಿನ ತಿಳಿ ನೀರು ತಗೊಂಡು ಕೋಟಿ ರೂಪಾಯಿ ಮಷಿನ್‌ಗೆ ಕೊಟ್ರೆ ಆರ್ಸೆನಿಕ್ ಕಮ್ಮಿ ಅಂತ ಮೂರು ದಶಮಾಂಶದವರೆಗೆ ಕರೆಕ್ಟಾಗಿ ಹೇಳುತ್ತೆ. ಉಳಿಕೆ ಕ್ಲೋರಿನ್ ಅಂತೂ ಲ್ಯಾಬ್‌ಗೆ ತಗೊಂಡು ಹೋಗೋ ವಸ್ತುನೇ ಅಲ್ಲ, ನಲ್ಲಿ ಹತ್ರ ನಿಂತೇ ನೋಡ್ಬೇಕು.

ಗೊತ್ತಿಲ್ಲದೆ ಆಗೋದು ಇದು. ಗೊತ್ತಿದ್ದೂ ಮಾಡ್ಬಹುದು. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲ್‌ನಲ್ಲಿ ನೀರಿನ ಮೂಲ ಬದಲಾಯಿಸಿದ ಮೇಲೆ ಹಳೇ ಪೈಪುಗಳಿಂದ ಸೀಸ ಬಿಡೋಕೆ ಶುರುವಾಯ್ತು. ಟೆಸ್ಟಿಗೆ ಸ್ಯಾಂಪಲ್ ಹಿಡಿಯೋ ಮನೆಯೋರಿಗೆ ಹಿಂದಿನ ರಾತ್ರಿ ನಲ್ಲಿ ಐದು ನಿಮಿಷ ಬಿಡಿ ಅಂತ ಸೂಚನೆ ಹೋಗಿತ್ತು, ಪೈಪಲ್ಲಿ ಕೂತಿರೋ ಸೀಸ ಅರ್ಧಂಬರ್ಧ ಅವಾಗಲೇ ತೊಳೆದು ಹೋಗುತ್ತೆ. ಅದಾದ್ರೂ 2015ರಲ್ಲಿ 71 ಸ್ಯಾಂಪಲ್ ಬಂದಾಗ ಲೆಕ್ಕ ಮಿತಿ ದಾಟ್ತು. ಲೆಕ್ಕ ಅಂದ್ರೆ ಸರಾಸರಿ ಅಲ್ಲ, ನೂರಕ್ಕೆ ತೊಂಬತ್ತು ಸ್ಯಾಂಪಲ್ ಯಾವ ಸಂಖ್ಯೆಯೊಳಗೆ ಇವೆಯೋ ಅದು. ಮಿತಿ 15 ಪಿಪಿಬಿ (ಲೀಟರ್‌ಗೆ ಮೈಕ್ರೋಗ್ರಾಂ), ಬಂದಿದ್ದು 18. ಆಮೇಲೆ ಎರಡು ಸ್ಯಾಂಪಲ್ ನಿಯಮಕ್ಕೆ ಸರಿಯಿಲ್ಲ ಅಂತ ಪಟ್ಟಿಯಿಂದ ತೆಗೆಸಿದ್ರು, ಅದರಲ್ಲಿ ಒಂದು 104 ಪಿಪಿಬಿ ಬಂದಿದ್ದ ಮನೇದು. ಉಳಿದ 69ರಲ್ಲಿ ಲೆಕ್ಕ 11ಕ್ಕೆ ಇಳೀತು, ನೀರು ಪಾಸ್. ಲ್ಯಾಬ್ ಆಟೋಮೇಷನ್‌ನ ಆಡಿಟ್ ಗುರುತು ಒಳಗಿನ ತಿದ್ದುಪಡಿ ಹಿಡಿಯುತ್ತೆ, ಯಾವ ಮನೆ ಸೇರಿಸ್ಬೇಕು ಯಾವ ಮನೆ ಬಿಡ್ಬೇಕು ಅನ್ನೋದು ಆ ಸಾಫ್ಟ್‌ವೇರ್‌ನ ಹೊರಗೆ ನಡೆಯೋ ಮಾತುಕತೆ.

ಹಾಗಾದ್ರೆ ಸೆನ್ಸರ್ ಹಾಕ್ಬಿಡೋಣ, ಬಾಟ್ಲಿ ಗೊಡವೆನೇ ಬೇಡ ಅಂತಾರೆ ಕೆಲವರು. ಪೂರ್ತಿ ಆಗಲ್ಲ. ಹಳ್ಳಿ ಟ್ಯಾಂಕಿಗೆ ಹಾಕೋ ಬೆಲೆಯಲ್ಲಿ ಪಿಎಚ್, ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಒಟ್ಟು ಪ್ರಮಾಣ), ಕದಡುವಿಕೆ, ಕ್ಲೋರಿನ್ ಅಳೆಯೋ ಸೆನ್ಸರ್ ಸಿಗುತ್ತೆ, ಆರ್ಸೆನಿಕ್‌ಗೋ ಇ-ಕೋಲೈಗೋ ನಂಬಿಕೊಳ್ಳೋ ಅಂಥದ್ದು ಆ ಬೆಲೆಗೆ ಸಿಗಲ್ಲ. ಟಿಡಿಎಸ್ ಮೀಟರ್ ಹಿಡ್ಕೊಂಡು ಮನೆಮನೆಗೆ ಬಂದು ಫಿಲ್ಟರ್ ಮಾರೋರು ಇದನ್ನ ಹೇಳಲ್ಲ ಬಿಡಿ, ಚರಂಡಿ ಬೆರೆತ ನೀರಿನ ಟಿಡಿಎಸ್ 300 ಇರ್ಬಹುದು, ಮೀಟರ್ ಪ್ರಕಾರ ಫಸ್ಟ್ ಕ್ಲಾಸ್. ಸೆನ್ಸರ್‌ಗಳ ಮೇಲೆ ಪಾಚಿ, ಸುಣ್ಣ ಕಟ್ಟುತ್ತೆ, ರೀಡಿಂಗ್ ಜಾರುತ್ತೆ, ಒರೆಸಿ ಕ್ಯಾಲಿಬ್ರೇಟ್ ಮಾಡೋಕೆ ಒಬ್ಬರು ಹೋಗ್ತಾ ಇರ್ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ 17 ಬಗೆಯ ಹೆಚ್ಚು ಮಾಲಿನ್ಯ ಮಾಡೋ ಕಾರ್ಖಾನೆಗಳಿಗೆ ಆನ್‌ಲೈನ್ ಮಾನಿಟರ್ ಹಾಕಿ ಅಂತ ಆದೇಶ ಕೊಡ್ತು, ಆದ್ರೆ ಪೈಪಿನಲ್ಲಿರ್ಬೇಕಾದ ಪ್ರೋಬ್‌ನ ಒಳ್ಳೇ ನೀರಿನ ಬಕೆಟ್‌ನಲ್ಲಿ ಯಾರಾದ್ರೂ ಅದ್ದಿಟ್ರೆ ಅದು ಬಕೆಟ್ ನೀರಿನ ಕ್ವಾಲಿಟಿನೇ ಸರ್ವರ್‌ಗೆ ಕಳಿಸ್ತಾ ಕೂರುತ್ತೆ.

ಇಷ್ಟಾದ್ರೂ ಕ್ಲೋರಿನ್ ಮೀಟರ್ ಒಂದಕ್ಕೆ ನನ್ನ ವೋಟು. ಕಾರಣ, ಇದು ನೀರು ಕೆಟ್ಟ ಮೇಲೆ ಹೇಳೋ ಟೆಸ್ಟ್ ಅಲ್ಲ, ಕೆಡೋಕೆ ದಾರಿ ಆಗಿದೆ ಅಂತ ಅದೇ ಗಳಿಗೆಯಲ್ಲಿ ಹೇಳೋದು. ನಲ್ಲಿಯಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರ್ಬೇಕು ಅಂತ ಮಾನದಂಡ. ಹಳ್ಳೀಲಿ ಇದು ನಿಂತಿರೋದು ಬ್ಲೀಚಿಂಗ್ ಪೌಡರ್ ಮೇಲೆ, ಹೊಸದರಲ್ಲಿ ಅದರೊಳಗೆ ಮೂರನೇ ಒಂದು ಪಾಲು ಕ್ಲೋರಿನ್, ಬಾಯಿ ಬಿಚ್ಚಿದ ಚೀಲ ಪಂಪ್‌ಹೌಸ್ ಮೂಲೇಲಿ ತಿಂಗಳುಗಟ್ಟಲೆ ಬಿದ್ದಿದ್ರೆ ಅದು ಹೆಸರಿಗಷ್ಟೇ ಬ್ಲೀಚಿಂಗ್ ಪೌಡರ್. 50,000 ಲೀಟರ್ ಟ್ಯಾಂಕಿಗೆ ಲೀಟರ್‌ಗೆ 2 ಮಿಲಿಗ್ರಾಂ ಹಾಗೆ ಹಾಕ್ಬೇಕು ಅಂದ್ರೆ 100 ಗ್ರಾಂ ಕ್ಲೋರಿನ್ ಬೇಕು, ಕಾಲು ಭಾಗ ಕ್ಲೋರಿನ್ ಇರೋ ಪೌಡರ್ ಆದ್ರೆ 400 ಗ್ರಾಂ, ಶಕ್ತಿ ಕಳ್ಕೊಂಡು ಹತ್ತನೇ ಒಂದು ಭಾಗಕ್ಕೆ ಇಳಿದಿದ್ರೆ ಅದೇ ಕೆಲಸಕ್ಕೆ ಒಂದು ಕೆಜಿ. ನೀರುಗಂಟಿ ಅಣ್ಣ ಎರಡೂ ಸಲ ಅದೇ ಡಬ್ಬದ ಅಳತೇಲಿ ಹಾಕ್ತಾನೆ, ಅವನ ತಪ್ಪಲ್ಲ, ಚೀಲದಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ಅವನಿಗೆ ಯಾರು ಹೇಳಿದ್ದಾರೆ. ಟ್ಯಾಂಕಿನ ಔಟ್‌ಲೆಟ್‌ನಲ್ಲಿ ಮೀಟರ್ ಇದ್ದು, 0.2ಕ್ಕಿಂತ ಇಳಿದ ತಕ್ಷಣ ಅವನ ಫೋನಿಗೂ ಪಿಡಿಒ ಫೋನಿಗೂ ಆಶಾ ಕಾರ್ಯಕರ್ತೆ ಫೋನಿಗೂ ಒಟ್ಟಿಗೆ ರಿಂಗ್ ಆದ್ರೆ ಸಾಕು. ಮೂರು ಜನಕ್ಕೆ ಯಾಕೆ ಅಂದ್ರೆ, ಒಬ್ಬರ ಟೇಬಲ್ ಮೇಲಿನ ಫ್ಯಾಕ್ಸ್ ಏನು ಮಾಡುತ್ತೆ ಅಂತ ವಾಕರ್ಟನ್‌ನಲ್ಲಿ ನೋಡಿದ್ವಲ್ಲ. ಕರೆಂಟ್ ಹೋದ್ರೆ, ಸಿಮ್ ರೀಚಾರ್ಜ್ ಮುಗಿದ್ರೆ ಅಂತ ಕೇಳ್ಬಹುದು. ಮೀಟರ್ ಸುಮ್ಮನಾದ್ರೂ ಅದನ್ನ ಅಲಾರಂ ಅಂತಾನೇ ಲೆಕ್ಕ ಹಾಕ್ಬೇಕು, ಸದ್ದಿಲ್ಲ ಅಂದ್ರೆ ಎಲ್ಲ ಸರಿಯಿದೆ ಅಂತ ಅಲ್ಲ.

ಲ್ಯಾಬ್ ಕಡೆಯಿಂದಲೂ ಕೆಟ್ಟ ಫಲಿತಾಂಶ ಕೇಳೋರಿಲ್ಲದೆ ಬಿದ್ದಿರೋ ಹಾಗಿಲ್ಲ ಅಂತ ಒಂಟಾರಿಯೊ ಥರ ನಿಯಮ ಬೇಕು, ಜಲ ಜೀವನ್ ಮಿಷನ್ ಪೋರ್ಟಲ್‌ನಲ್ಲಿ ಹಳ್ಳಿವಾರು ಫಲಿತಾಂಶ ಹಾಕ್ತಾರೆ, ಸಂತೋಷ, ಆದ್ರೆ ನೀರು ಕುಡಿಯೋಕೆ ಮುಂಚೆ ಪೋರ್ಟಲ್ ತೆಗೆದು ನೋಡೋ ಮನೆ ನನಗಂತೂ ಗೊತ್ತಿಲ್ಲ.

ನೀವೇ ತಾಲೂಕು ಲ್ಯಾಬ್‌ಗೆ ನೀರು ಕೊಡೋರಾದ್ರೆ ಒಂದೆರಡು ಮಾತು. ಮನೆಯಲ್ಲಿರೋ ಹಳೇ ಜ್ಯೂಸ್ ಬಾಟ್ಲಿಯಲ್ಲಿ ತುಂಬ್ಕೊಂಡು ಹೋಗ್ಬೇಡಿ, ಮೊದಲೇ ಹೋಗಿ ಅವರ ಬಾಟ್ಲಿ ಕೇಳಿ, ಬ್ಯಾಕ್ಟೀರಿಯಾಗೆ ಬೇರೆ, ಲೋಹಕ್ಕೆ ಬೇರೆ. ಸೋಮವಾರ ಮಂಗಳವಾರ ಕೊಡಿ, ಶುಕ್ರವಾರ ಸಂಜೆ ಕೊಟ್ಟ ಬ್ಯಾಕ್ಟೀರಿಯಾ ಸ್ಯಾಂಪಲ್‌ನ ಗತಿ ನಿಮಗೇ ಗೊತ್ತು. ರಿಪೋರ್ಟ್ ಬಂದಾಗ ಎಲ್ಲರೂ ನೋಡೋದು ಕೊನೆಯ ಕಾಲಂನ ಪಾಸ್ ಫೇಲ್, ನೀವು ಇನ್ನೆರಡು ಜಾಗ ನೋಡಿ. ಒಂದು, ಬಿಡಿಎಲ್ ಅಂತ ಬರೆದಿರೋ ಕಡೆ, ಅಂದ್ರೆ ಆ ಪದ್ಧತಿಗೆ ಸಿಗೋದಕ್ಕಿಂತ ಕಮ್ಮಿ ಇದೆ ಅಂತ, ಅದರ ಪಕ್ಕ ಆ ಪದ್ಧತಿ ಕನಿಷ್ಠ ಎಷ್ಟನ್ನ ಹಿಡಿಯುತ್ತೆ ಅಂತ ಇರ್ಬೇಕು, ಆರ್ಸೆನಿಕ್‌ಗೆ ಆ ಕನಿಷ್ಠವೇ 50 ಮೈಕ್ರೋಗ್ರಾಂ ಇದ್ರೆ ಮಿತಿ 10 ಇರುವಾಗ ಆ ಬಿಡಿಎಲ್ ನಿಮಗೆ ಏನೂ ಹೇಳ್ತಿಲ್ಲ. ಇನ್ನೊಂದು, ಸ್ಯಾಂಪಲ್ ಹಿಡಿದ ಟೈಮ್ ಮತ್ತು ಟೆಸ್ಟ್ ಶುರು ಮಾಡಿದ ಟೈಮ್. ಬರೀ ತಾರೀಕು ಹಾಕಿ ಗಂಟೆ ಹಾಕಿಲ್ಲ ಅಂದ್ರೆ ಕೌಂಟರಲ್ಲೇ ನಿಂತು ಕೇಳಿ, ಎರಡರ ನಡುವೆ 24 ಗಂಟೆಗಿಂತ ಜಾಸ್ತಿ ಇದ್ರೆ ಬ್ಯಾಕ್ಟೀರಿಯಾ ಕಾಲಂ ಹೊಡೆದುಹಾಕಿ ಇನ್ನೊಂದು ಬಾಟ್ಲಿ ಇಸ್ಕೊಂಡು ಬನ್ನಿ.